ಹೊಟ್ಟೆಯ ಮಹಾಪಧಮನಿಯ ಉಬ್ಬು: ಮನೆಯ ಹಿರಿಯರಿಗೆ ಸ್ಕ್ಯಾನ್ ಮಾಡಿಸುವ ಬಗೆ

ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ, ಅರವತ್ತೈದು ದಾಟಿದ ಗಂಡಸಿರುವ ಮನೆಯ ಬೀರುವಿನ ಮೇಲೆ ಬಟ್ಟೆ ಅಂಗಡಿಯ ಹಳೆಯ ಕವರೊಂದರಲ್ಲಿ ಅವರ ಆಸ್ಪತ್ರೆ ಕಾಗದಗಳು ಇದ್ದೇ ಇರುತ್ತವೆ. ಅದನ್ನು ಇಳಿಸಿ ನೋಡಿದರೆ, ಮೂತ್ರ ಕಟ್ಟಿದಾಗಲೋ ಕಲ್ಲಿನ ಅನುಮಾನ ಬಂದಾಗಲೋ ಮಾಡಿಸಿದ ಹೊಟ್ಟೆಯ ಸ್ಕ್ಯಾನಿಂಗ್ ರಿಪೋರ್ಟು ಸಾಮಾನ್ಯವಾಗಿ ಒಂದಾದರೂ ಸಿಗುತ್ತದೆ. ಅದರಲ್ಲಿ ಯಕೃತ್ತು ಇಷ್ಟು ಸೆಂಟಿಮೀಟರ್, ಮೂತ್ರಪಿಂಡಗಳು ಇಷ್ಟಿಷ್ಟು, ಪ್ರಾಸ್ಟೇಟ್ ಇಷ್ಟು ಗ್ರಾಂ ಎಂದು ಬರೆದಿರುತ್ತದೆ. ಬೆನ್ನುಮೂಳೆಗೆ ಆತುಕೊಂಡು ಹೊಟ್ಟೆಯ ನಡುವೆ ಇಳಿಯುವ, ದೇಹದ ಅತಿ ದೊಡ್ಡ ಅಪಧಮನಿಯ ಬಗ್ಗೆ ಮಾತ್ರ ‘ನಾರ್ಮಲ್’ ಎಂಬ ಒಂದೇ ಪದ ಇರುತ್ತದೆ, ಅನೇಕ ವೇಳೆ ಅದೂ ಇರುವುದಿಲ್ಲ. ಆ ನಾಳದ ಅಳತೆಯನ್ನು ಒಮ್ಮೆ ಅಂಕಿಯಲ್ಲಿ ಬರೆಸಿಕೊಳ್ಳುವುದು ಹೇಗೆ, ಯಾರಿಗೆ ಅದು ಬೇಕು, ಯಾರಿಗೆ ಬೇಡ, ಬಂದ ಅಂಕಿಯನ್ನು ಹಿಡಿದು ಮುಂದೇನು ಮಾಡಬೇಕು ಎಂಬುದಷ್ಟೇ ಈ ಬರಹದ ವಿಷಯ. ನಾನು ವೈದ್ಯನಲ್ಲ. ಬಟ್ಟೆ ಗಿರಣಿಯಲ್ಲಿ ದುಡಿದು ನಿವೃತ್ತರಾದ ನನ್ನ ದೊಡ್ಡಪ್ಪನವರನ್ನು ಕರೆದುಕೊಂಡು ಎರಡು ಸಲ ಸ್ಕ್ಯಾನಿಂಗ್‌ಗೆ ಅಲೆದು ಕಲಿತದ್ದನ್ನು, ಓದಿ ಮತ್ತು ವೈದ್ಯರನ್ನು ಕೇಳಿ ತಿದ್ದಿಕೊಂಡು ಬರೆಯುತ್ತಿದ್ದೇನೆ.

ಹೃದಯದಿಂದ ಹೊರಡುವ ಮಹಾಪಧಮನಿ, ವೈದ್ಯರು ಅಯೋರ್ಟಾ ಎನ್ನುವ ನಾಳ, ಎದೆಗೂ ಹೊಟ್ಟೆಗೂ ನಡುವಿನ ವಪೆಯನ್ನು ದಾಟಿ ಹೊಟ್ಟೆಗೆ ಇಳಿದು ಹೊಕ್ಕುಳಿನ ಆಸುಪಾಸಿನಲ್ಲಿ ಎರಡು ಕವಲಾಗಿ ಕಾಲುಗಳ ಕಡೆಗೆ ಹೋಗುತ್ತದೆ. ಹೊಟ್ಟೆಯೊಳಗೆ ಅದರ ಅಗಲ ಸುಮಾರು 2 ಸೆಂಟಿಮೀಟರ್, ಹೆಚ್ಚುಕಡಿಮೆ ನಮ್ಮ ಹೆಬ್ಬೆರಳಿನಷ್ಟು. ಬಿಸಿಲಿಗೆ ಬಿದ್ದು ಹಳತಾದ ಹೋಸ್ ಪೈಪು ಒಂದು ಕಡೆ ಸಡಿಲಗೊಂಡು ಉಬ್ಬುವಂತೆ, ವಯಸ್ಸು, ಹೊಗೆ ಮತ್ತು ರಕ್ತದೊತ್ತಡದ ಪೆಟ್ಟಿಗೆ ಈ ನಾಳದ ಗೋಡೆ ಬಲ ಕಳೆದುಕೊಂಡು, ಬಹುಪಾಲು ಮೂತ್ರಪಿಂಡದ ನಾಳಗಳ ಕೆಳಭಾಗದಲ್ಲಿ, ಹಿಗ್ಗತೊಡಗುತ್ತದೆ. ಅಗಲ 3 ಸೆಂಟಿಮೀಟರ್ ಮುಟ್ಟಿದರೆ ಅದಕ್ಕೆ ಅನ್ಯೂರಿಸಂ ಎನ್ನುತ್ತಾರೆ. ಹಿಗ್ಗುವುದು ನಿಧಾನ, ಸಣ್ಣ ಉಬ್ಬುಗಳು ಸರಾಸರಿ ವರ್ಷಕ್ಕೆ ಎರಡು ಮೂರು ಮಿಲಿಮೀಟರ್ ಮಾತ್ರ ಬೆಳೆಯುತ್ತವೆ. ನೋವಿಲ್ಲ, ಸುಸ್ತಿಲ್ಲ, ರಕ್ತ ಪರೀಕ್ಷೆಯಲ್ಲಿ ಸುಳಿವಿಲ್ಲ. ಒಡೆದ ದಿನವೇ ಗೊತ್ತಾಗುವುದು, ಮತ್ತು ಒಡೆದವರಲ್ಲಿ ಹತ್ತರಲ್ಲಿ ಸುಮಾರು ಎಂಟು ಮಂದಿ, ಆಸ್ಪತ್ರೆಗೆ ತಲುಪದೆ ದಾರಿಯಲ್ಲೇ ಹೋಗುವವರನ್ನೂ ಸೇರಿಸಿ, ಉಳಿಯುವುದಿಲ್ಲ. ಆಲ್ಬರ್ಟ್ ಐನ್‌ಸ್ಟೈನ್ 1955ರಲ್ಲಿ ತೀರಿಕೊಂಡದ್ದು ಇದರಿಂದಲೇ. ಆಗ ಇದ್ದ ವಿದ್ಯೆಯಂತೆ 1948ರಲ್ಲಿ ಅವರ ಉಬ್ಬಿಗೆ ಶಸ್ತ್ರವೈದ್ಯರು ಸೆಲೋಫೇನ್ ಹಾಳೆ ಸುತ್ತಿದ್ದರು, ಅದು ಏಳು ವರ್ಷ ತಡೆದಿತ್ತು.

ನಮ್ಮ ಕಡೆಯವರಿಗೆ ಇನ್ನೊಂದು ಲೆಕ್ಕವೂ ಇದೆ. ಈ ಶಸ್ತ್ರಚಿಕಿತ್ಸೆಗೆ ರಕ್ತನಾಳದ ಶಸ್ತ್ರತಜ್ಞರು, ಅರಿವಳಿಕೆಯವರು, ಬಾಟಲಿಗಟ್ಟಲೆ ರಕ್ತ, ತೀವ್ರ ನಿಗಾ ಘಟಕ ಎಲ್ಲವೂ ಒಂದೇ ಕಡೆ, ಒಂದೇ ಹೊತ್ತಿಗೆ ಸಿಗಬೇಕು. ಬೆಂಗಳೂರು ದಾವಣಗೆರೆಗೆ ಸುಮಾರು 260 ಕಿಲೋಮೀಟರ್, ಚಿತ್ರದುರ್ಗಕ್ಕೆ ಸುಮಾರು 200. ಜಗಳೂರಿನಿಂದಲೋ ಮೊಳಕಾಲ್ಮುರಿನಿಂದಲೋ ಹೊರಡುವವರು ಹೆದ್ದಾರಿ ಮುಟ್ಟುವುದಕ್ಕೇ ಒಂದಷ್ಟು ಹೊತ್ತು ಹಿಡಿಯುತ್ತದೆ. ಒಡೆದ ನಾಳ ಇಟ್ಟುಕೊಂಡು ಅಷ್ಟು ದಾರಿ ಸವೆಸುವುದು ದೈವದ ಮಾತು. ಉಬ್ಬಿದೆ ಎಂದು ಮೊದಲೇ ತಿಳಿದಿದ್ದರೆ ಅದೇ ದಾರಿಯನ್ನು ಬಸ್ಸಿನಲ್ಲಿ ಕುಳಿತು ಹೋಗಬಹುದು.

ಯಾರಿಗೆ ಮಾಡಿಸಬೇಕು

ಭಾರತದಲ್ಲಿ ಇದಕ್ಕೆಂದು ಸರ್ಕಾರಿ ತಪಾಸಣಾ ಕಾರ್ಯಕ್ರಮವಿಲ್ಲ. ಆಶಾ ಕಾರ್ಯಕರ್ತೆಯರು ಮನೆಗೆ ಬಂದು ಬಿಪಿ, ಶುಗರ್ ಬಗ್ಗೆ ಕೇಳುತ್ತಾರೆ, ಇದನ್ನು ಕೇಳುವುದಿಲ್ಲ. ಬ್ರಿಟನ್ನಿನಲ್ಲಿ 2009ರಿಂದ ಹಂತ ಹಂತವಾಗಿ, 65 ತುಂಬುವ ವರ್ಷದಲ್ಲಿ ಪ್ರತಿ ಗಂಡಸಿಗೂ ಸ್ಕ್ಯಾನಿಂಗ್‌ಗೆ ಬರಹೇಳಿ ಪತ್ರ ಕಳಿಸುವ ಏರ್ಪಾಡು ಬಂದಿದೆ, ಸ್ವೀಡನ್ನಿನಲ್ಲೂ ಹಾಗೆಯೇ. ಅಮೆರಿಕದ ತಜ್ಞರ ಸಮಿತಿ 2019ರಲ್ಲಿ ನವೀಕರಿಸಿದ ಸಲಹೆ ಹೆಚ್ಚು ಬಿಗಿಯಾದದ್ದು: 65ರಿಂದ 75 ವರ್ಷದೊಳಗಿನ, ಜೀವನದಲ್ಲಿ ಎಂದಾದರೂ ಒಟ್ಟು 100 ಸಿಗರೇಟಾದರೂ ಸೇದಿದ ಗಂಡಸರಿಗೆ ಒಂದೇ ಒಂದು ಸಲ ಅಲ್ಟ್ರಾಸೌಂಡ್, ಸೇದದ ಗಂಡಸರಿಗೆ ಅವರವರ ಸ್ಥಿತಿ ನೋಡಿ. ಈ ಸಲಹೆಗಳ ಹಿಂದೆ ಇರುವ ದೊಡ್ಡ ಆಧಾರ ಬ್ರಿಟನ್ನಿನಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನ. 65ರಿಂದ 74 ವಯಸ್ಸಿನ ಸುಮಾರು 67,800 ಗಂಡಸರಲ್ಲಿ ಅರ್ಧದಷ್ಟು ಜನರನ್ನು ಸ್ಕ್ಯಾನಿಂಗ್‌ಗೆ ಕರೆದು, ಉಳಿದವರನ್ನು ಹಾಗೆಯೇ ಬಿಟ್ಟು ನಾಲ್ಕು ವರ್ಷ ಗಮನಿಸಿದಾಗ, ಕರೆದವರಲ್ಲಿ 65 ಮಂದಿ, ಕರೆಯದವರಲ್ಲಿ 113 ಮಂದಿ ಈ ಉಬ್ಬಿನಿಂದ ಸತ್ತಿದ್ದರು. ಜೀವ ಉಳಿದದ್ದು ನಿಜ, ಆದರೆ ಅಷ್ಟು ಸಾವಿರ ಜನರಲ್ಲಿ ಅಷ್ಟೇ ಎಂಬುದನ್ನೂ ಮರೆಯಬಾರದು.

ಇದನ್ನು ಹಾಗೆಯೇ ಎತ್ತಿ ನಮ್ಮೂರಿಗೆ ತಂದು ಹಚ್ಚಲಾಗದು. ಬ್ರಿಟನ್ನಿನಲ್ಲೇ ನೆಲೆಸಿರುವ ದಕ್ಷಿಣ ಏಷ್ಯಾ ಮೂಲದ ಗಂಡಸರಲ್ಲಿ ಈ ಉಬ್ಬು ಅಲ್ಲಿನ ಬಿಳಿಯರಿಗಿಂತ ಬಹಳ ಕಡಿಮೆ ಕಂಡಿದೆ. ಆದ್ದರಿಂದ ಊರಿನ ಎಲ್ಲ ಹಿರಿಯರನ್ನೂ ಸಾಲಾಗಿ ನಿಲ್ಲಿಸಿ ಸ್ಕ್ಯಾನ್ ಮಾಡಿಸಿ ಎಂದು ನಾನು ಹೇಳುವುದಿಲ್ಲ. ಉಚಿತ ಶಿಬಿರದ ಬ್ಯಾನರು ಕಟ್ಟುವವರು ಹೇಳಿದರೂ ನಂಬಬೇಕಿಲ್ಲ. ನನ್ನ ದೃಷ್ಟಿಯಲ್ಲಿ 65 ದಾಟಿದ, ಹಲವು ವರ್ಷ ಬೀಡಿ ಅಥವಾ ಸಿಗರೇಟು ಸೇದಿದ ಗಂಡಸರಿಗೆ, ಮತ್ತು ತಂದೆಗೋ ಒಡಹುಟ್ಟಿದವರಿಗೋ ಈ ಉಬ್ಬು ಇದ್ದದ್ದು ಗೊತ್ತಿರುವವರಿಗೆ ಮಾಡಿಸಬೇಕು. ರಕ್ತಸಂಬಂಧದ ಕಾರಣವಿದ್ದಲ್ಲಿ 65ರವರೆಗೆ ಕಾಯುವ ಅಗತ್ಯವೂ ಇಲ್ಲ, ವೈದ್ಯರನ್ನು ಕೇಳಿ ಮುಂಚೆಯೇ ಮಾಡಿಸಬಹುದು. ಹೃದಯದ ನಾಳ ಕಟ್ಟಿಕೊಂಡು ಸ್ಟೆಂಟ್ ಹಾಕಿಸಿಕೊಂಡವರು, ನಡೆದರೆ ಮೀನಖಂಡ ಹಿಡಿದುಕೊಳ್ಳುವವರು, ಮಂಡಿಯ ಹಿಂದೆ ರಕ್ತನಾಳ ಉಬ್ಬಿದೆ ಎಂದು ಹೇಳಿಸಿಕೊಂಡವರು ಕೂಡ ಕೇಳಿ ನೋಡಬೇಕು. ವಿಚಿತ್ರವೆಂದರೆ, ಎಲ್ಲ ಕಾಯಿಲೆಗೂ ಮೂಲವೆಂದು ನಾವು ಬೈಯುವ ಸಕ್ಕರೆ ಕಾಯಿಲೆ ಇರುವವರಲ್ಲಿ ಈ ಉಬ್ಬು ಕಡಿಮೆ. ಎಂದೂ ಸೇದದ, ರಕ್ತಸಂಬಂಧಿಗಳಲ್ಲಿ ಯಾರಿಗೂ ಈ ಉಬ್ಬು ಇರದ ಹೆಂಗಸರಿಗೆ ಈ ತಪಾಸಣೆ ಬೇಡವೆಂದೇ ಸಲಹೆ ಇದೆ.

ಸೇದಿದ ವಿಷಯವನ್ನು ಕೇಳುವಾಗ ಮಾತ್ರ ಜಾಣತನ ಬೇಕು. “ಸ್ಮೋಕಿಂಗ್ ಇದೆಯಾ ಯಜಮಾನ್ರೆ?” ಎಂದು ವೈದ್ಯರು ಕೇಳಿದಾಗ ನನ್ನ ದೊಡ್ಡಪ್ಪ, “ಇಲ್ರಿ ಡಾಕ್ಟ್ರೆ, ಸಿಗರೇಟು ಮುಟ್ಟಿದೋನಲ್ಲ” ಎಂದುಬಿಟ್ಟರು. ಸುಳ್ಳಲ್ಲ. ಹದಿನೆಂಟನೆಯ ವಯಸ್ಸಿನಿಂದ ದಿನಕ್ಕೊಂದು ಕಟ್ಟು ಬೀಡಿ ಸೇದಿ, ಮೊಮ್ಮಗ ಹುಟ್ಟಿದ ಮೇಲೆ ಬಿಟ್ಟವರು ಅವರು. ಅವರ ಲೆಕ್ಕದಲ್ಲಿ ಬೀಡಿ ಸಿಗರೇಟಲ್ಲ, ಬಿಟ್ಟದ್ದು ಇದ್ದದ್ದಲ್ಲ. ನಾಳದ ಗೋಡೆಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಬಿಟ್ಟು ಹತ್ತು ವರ್ಷವಾದವರನ್ನೂ ಈ ತಪಾಸಣೆಯ ಮಟ್ಟಿಗೆ ಸೇದಿದವರೆಂದೇ ಎಣಿಸಬೇಕು, ಆದ್ದರಿಂದ ಜೊತೆಯಲ್ಲಿ ಹೋದವರು ಬಾಯಿ ಬಿಟ್ಟು ಹೇಳಬೇಕು.

ಯಾರಿಗೆ ಬೇಡ ಎಂಬುದೂ ಅಷ್ಟೇ ಮುಖ್ಯ. ಹಾಸಿಗೆ ಹಿಡಿದವರಿಗೆ, ಮುಂದುವರಿದ ಕ್ಯಾನ್ಸರ್ ಇರುವವರಿಗೆ, ನಾಲ್ಕು ಹೆಜ್ಜೆಗೆ ಉಸಿರು ಕಟ್ಟುವಷ್ಟು ಶ್ವಾಸಕೋಶ ಕೆಟ್ಟವರಿಗೆ, ಎಂಥದೇ ಉಬ್ಬು ಸಿಕ್ಕರೂ ಶಸ್ತ್ರಚಿಕಿತ್ಸೆ ಮಾಡಿಸಲು ಬಾರದು ಎಂದಾದರೆ, ಹುಡುಕುವುದರಿಂದ ಅವರಿಗೆ ಸಿಗುವುದು ಹೆದರಿಕೆ ಮಾತ್ರ. ಹೊಟ್ಟೆಯಲ್ಲಿ ಏನೋ ಒಡೆಯಲಿದೆ ಎಂಬ ಮಾತು ಕೆಲವರ ನಿದ್ದೆಯನ್ನೇ ಕಸಿಯುತ್ತದೆ. ಮಾಡಿಸುವ ಮೊದಲು ಹಿರಿಯರಿಗೇ ವಿಷಯ ತಿಳಿಸಿ, ಅವರು ಒಪ್ಪಿದ ಮೇಲೆ ಹೊರಡುವುದು ಸರಿ.

ಕೇಳುವ ಬಗೆ ಮತ್ತು ಸಿದ್ಧತೆ

ಬೇಕಾಗಿರುವುದು ಸಾಮಾನ್ಯ ಅಲ್ಟ್ರಾಸೌಂಡ್ ಯಂತ್ರ, ನೋಡಲು ರೇಡಿಯಾಲಜಿಸ್ಟ್, ಐದಾರು ನಿಮಿಷ. ಸೂಜಿಯಿಲ್ಲ, ಕ್ಷಕಿರಣವಿಲ್ಲ. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಬಾಪೂಜಿ ಆಸ್ಪತ್ರೆ, ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಗಳಿಗಾದರೂ ಹೋಗಬಹುದು, ಮನೆಗೆ ಹತ್ತಿರದ ಖಾಸಗಿ ಸ್ಕ್ಯಾನಿಂಗ್ ಸೆಂಟರಿಗಾದರೂ ಹೋಗಬಹುದು. ತೊಂದರೆ ಇರುವುದು ಯಂತ್ರದಲ್ಲಲ್ಲ, ಚೀಟಿಯಲ್ಲಿ. ‘ಅಬ್ಡಾಮೆನ್ ಸ್ಕ್ಯಾನ್’ ಎಂದಷ್ಟೇ ಬರೆದ ಚೀಟಿ ಹಿಡಿದು ಹೋದರೆ ಪಿತ್ತಕೋಶದಿಂದ ಪ್ರಾಸ್ಟೇಟ್‌ವರೆಗೆ ಎಲ್ಲವನ್ನೂ ನೋಡುತ್ತಾರೆ, ಹೊರಗೆ ಐವತ್ತು ಜನ ಕಾಯುತ್ತಿರುತ್ತಾರೆ, ಮಹಾಪಧಮನಿಯನ್ನು ಕಣ್ಣಲ್ಲಿ ನೋಡಿದರೂ ಅಳೆದು ಬರೆಯುವ ಪುರುಸೊತ್ತು ಇರುವುದಿಲ್ಲ. ಮೊದಲ ಸಲ ನಮಗೆ ಆದದ್ದು ಇದೇ. ಬೆಳಗಿನಿಂದ ಉಪವಾಸವಿದ್ದು, ಮಧ್ಯಾಹ್ನ ಕೈಗೆ ಬಂದ ರಿಪೋರ್ಟಿನಲ್ಲಿ ಅಯೋರ್ಟಾ ಎಂಬ ಪದವೇ ಇರಲಿಲ್ಲ. ಕೌಂಟರಿನಲ್ಲಿ ಕೇಳಿದರೆ, ಬರೆದಿಲ್ಲವೆಂದರೆ ಚೆನ್ನಾಗಿದೆ ಎಂದರ್ಥ ಎಂದರು. ಹಾಗೆ ಅರ್ಥ ಮಾಡಿಕೊಳ್ಳಬಾರದು.

ಆದ್ದರಿಂದ ಚೀಟಿ ಬರೆಯುವ ವೈದ್ಯರ ಬಳಿಯೇ, ಹೊಟ್ಟೆಯ ಸ್ಕ್ಯಾನಿನ ಜೊತೆಗೆ ‘ಅಬ್ಡಾಮಿನಲ್ ಅಯೋರ್ಟಾದ ಗರಿಷ್ಠ ವ್ಯಾಸ ತಿಳಿಸಿ, ಅನ್ಯೂರಿಸಂ ತಪಾಸಣೆ’ ಎಂಬ ಒಂದು ಸಾಲನ್ನು ಸೇರಿಸಿ ಬರೆಯಲು ಕೇಳಬೇಕು. ಪ್ರಾಸ್ಟೇಟಿಗಾಗಿ ಹೇಗೂ ಸ್ಕ್ಯಾನ್ ಮಾಡಿಸಲಿರುವವರು ಆಗಲೇ ಇದನ್ನೂ ಸೇರಿಸಿದರೆ ಎರಡು ಸಲದ ಓಡಾಟ ತಪ್ಪುತ್ತದೆ. ಎರಡು ಮೂರು ವರ್ಷದೊಳಗೆ ಬೇರೆ ಕಾರಣಕ್ಕೆ ಹೊಟ್ಟೆಯ ಸಿಟಿ ಸ್ಕ್ಯಾನ್ ಆಗಿದ್ದರೆ ಅದರ ಫಿಲ್ಮು ಅಥವಾ ಸಿಡಿಯನ್ನು ಒಯ್ದು, ಅದರಲ್ಲೇ ಅಳೆದು ಹೇಳಲು ಸಾಧ್ಯವೇ ಎಂದು ಮೊದಲು ವಿಚಾರಿಸಬೇಕು. ಆಗ ಹೊಸ ಸ್ಕ್ಯಾನಿನ ಅಗತ್ಯವೇ ಬೀಳದಿರಬಹುದು.

ಹೊಟ್ಟೆಯಲ್ಲಿ ಗಾಳಿ ತುಂಬಿದ್ದರೆ ಧ್ವನಿತರಂಗ ದಾಟುವುದಿಲ್ಲ, ಅದರ ಹಿಂದಿರುವ ನಾಳ ಮಸುಕಾಗಿ ಕಾಣುತ್ತದೆ. ಬೆಳಗಿನ ಮೊದಲ ಸರದಿಯನ್ನು ಕೇಳಿ ಪಡೆದು, ಹಿಂದಿನ ರಾತ್ರಿ ಬೇಗ ಹಗುರಾದ ಊಟ ಮಾಡಿ, ಸುಮಾರು ಆರು ಗಂಟೆ ಏನೂ ತಿನ್ನದೆ ಹೋಗುವುದು ಒಳ್ಳೆಯದು. ಹಿಂದಿನ ಸಂಜೆಯ ಮಂಡಕ್ಕಿ ಮೆಣಸಿನಕಾಯಿಯನ್ನೂ, ದಾರಿಯಲ್ಲಿ ಸಿಗುವ ಬೆಣ್ಣೆ ದೋಸೆಯನ್ನೂ ಸ್ಕ್ಯಾನ್ ಮುಗಿಯುವವರೆಗೆ ಮುಂದೂಡಬೇಕಾಗುತ್ತದೆ. ಇದನ್ನು ಒಪ್ಪಿಸುವುದೇ ನನಗೆ ಕಷ್ಟವಾದ ಭಾಗ. ಬಿಪಿ ಮಾತ್ರೆಯನ್ನು ಒಂದು ಗುಟುಕು ನೀರಿನಲ್ಲಿ ಎಂದಿನಂತೆ ನುಂಗಬಹುದು. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಉಪವಾಸದ ಹೊತ್ತಿನಲ್ಲಿ ಏನು ಮಾಡಬೇಕೆಂದು ತಮ್ಮ ವೈದ್ಯರನ್ನು ಮೊದಲೇ ಕೇಳಿ, ಮುಗಿದ ಕೂಡಲೇ ತಿನ್ನಲು ಏನಾದರೂ ಕೈಯಲ್ಲಿ ಇಟ್ಟುಕೊಂಡಿರಬೇಕು.

ಸ್ಕ್ಯಾನಿಂಗ್ ಕೋಣೆಯಲ್ಲಿ

ಎರಡನೆಯ ಸಲ ಕೋಣೆಯೊಳಗೆ ನನ್ನನ್ನೂ ಬಿಟ್ಟರು. ದೊಡ್ಡಪ್ಪ ಅಂಗಿ ಮೇಲೆತ್ತಿ, ಪಂಚೆ ಸಡಿಲಿಸಿ ಮಲಗಿದರು. ಎದೆಗೂಡಿನ ಕೆಳಗೆ ತಣ್ಣನೆಯ ಜೆಲ್ ಬಿದ್ದೊಡನೆ ಹೊಟ್ಟೆಯನ್ನು ಕಲ್ಲಿನಂತೆ ಬಿಗಿದುಕೊಂಡರು. “ಯಜಮಾನ್ರೆ, ಬಿಗಿ ಹಿಡೀಬ್ಯಾಡ್ರಿ, ಸಡ್ಲು ಬಿಡ್ರಿ. ಮೊಣಕಾಲು ಸ್ವಲ್ಪ ಮಡಚ್ರಿ,” ಎಂದರು ವೈದ್ಯೆ. ಮೊಣಕಾಲು ಮಡಚಿದಾಗ ಹೊಟ್ಟೆ ಮೆತ್ತಗಾಯಿತು. ಅವರು ಪ್ರೋಬನ್ನು ಮೇಲಿನಿಂದ ಹೊಕ್ಕುಳಿನ ಕಡೆಗೆ ಒತ್ತುತ್ತಾ ಇಳಿಸಿದಂತೆ, ಪರದೆಯ ಮೇಲೆ ಬೆನ್ನುಮೂಳೆಯ ಬಿಳಿ ಕಮಾನಿನ ಮುಂದೆ ಒಂದು ಕಪ್ಪು ವೃತ್ತ ನಾಡಿಯೊಂದಿಗೆ ಮಿಡಿಯುವುದು ಕಾಣಿಸಿತು. ಹೊಕ್ಕುಳಿಗೆ ಎರಡು ಬೆರಳು ಮೇಲೆ ಆ ವೃತ್ತ ತುಸು ದೊಡ್ಡದಾಯಿತು. ಅಲ್ಲಿ ಚಿತ್ರವನ್ನು ನಿಲ್ಲಿಸಿ, ಮುಂಗೋಡೆಗೊಂದು ಹಿಂಗೋಡೆಗೊಂದು ಕೂಡು ಗುರುತಿನಂಥ ಚುಕ್ಕಿ ಇಟ್ಟರು. ಮೂಲೆಯಲ್ಲಿ 3.4 ಎಂದು ಮೂಡಿತು.

ಅಲ್ಲಿ ನಿಂತಿದ್ದರಿಂದ ತಿಳಿದ ಕೆಲವು ಸಂಗತಿಗಳು ಕೆಲಸಕ್ಕೆ ಬರುತ್ತವೆ. ಅಳತೆಯನ್ನು ನಾಳಕ್ಕೆ ಅಡ್ಡಲಾಗಿ, ಮುಂದಿನಿಂದ ಹಿಂದಕ್ಕೆ ತೆಗೆಯಬೇಕು. ಓರೆಯಾಗಿ ಹಿಡಿದರೆ ಅಂಕಿ ಇಲ್ಲದ ದೊಡ್ಡಸ್ತಿಕೆ ತೋರಿಸುತ್ತದೆ. ಗೋಡೆಯ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆಯುವವರೂ ಇದ್ದಾರೆ, ಒಳ ಅಂಚಿನಿಂದ ಒಳ ಅಂಚಿಗೆ ಅಳೆಯುವವರೂ ಇದ್ದಾರೆ, ಎರಡರ ನಡುವೆ ಮೂರು ನಾಲ್ಕು ಮಿಲಿಮೀಟರ್ ವ್ಯತ್ಯಾಸ ಬರಬಹುದು. ಆದ್ದರಿಂದ ಮುಂದಿನ ವರ್ಷದ ಸ್ಕ್ಯಾನನ್ನು ಸಾಧ್ಯವಾದರೆ ಅದೇ ಕಡೆ ಮಾಡಿಸಿ, ಹಳೆಯ ರಿಪೋರ್ಟನ್ನು ಕೈಯಲ್ಲಿ ಕೊಟ್ಟು, ಹಿಂದಿನ ರೀತಿಯಲ್ಲೇ ಅಳೆಯಲು ಕೇಳಬೇಕು. ಇಲ್ಲವಾದರೆ ಬೆಳೆಯದ ಉಬ್ಬು ಬೆಳೆದಂತೆ ಕಂಡು ಮನೆಯವರೆಲ್ಲ ಗಾಬರಿಯಾಗುತ್ತಾರೆ. ಗಾಳಿ ಅಡ್ಡ ಬಂದು ನಾಳ ಪೂರ್ತಿ ಕಾಣದಿದ್ದರೆ ‘ಕಾಣಲಿಲ್ಲ’ ಎಂದೇ ಬರೆಸಿಕೊಂಡು ಇನ್ನೊಂದು ದಿನ ಬರುವುದು ಮೇಲು. ರಿಪೋರ್ಟನ್ನು ಕೌಂಟರಿನಲ್ಲೇ ಬಿಡಿಸಿ, ಅಂಕಿ ಇದೆಯೇ ಎಂದು ನೋಡಿಕೊಂಡೇ ಮೆಟ್ಟಿಲು ಇಳಿಯಬೇಕು.

ಅಂಕಿಯನ್ನು ಓದುವುದು

2.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಈ ಅಧ್ಯಾಯ ಅಲ್ಲಿಗೆ ಮುಗಿಯಿತು. 65 ದಾಟಿದ ಮೇಲೆ ಸರಿಯಿದ್ದ ನಾಳ ಮುಂದೆ ಅಪಾಯದ ಮಟ್ಟಕ್ಕೆ ಬೆಳೆಯುವುದು ಅಪರೂಪ, ವರ್ಷ ವರ್ಷ ಮಾಡಿಸುವುದು ದುಡ್ಡು ದಂಡ. 2.5ರಿಂದ 2.9 ಇದ್ದರೆ ಐದರಿಂದ ಹತ್ತು ವರ್ಷದೊಳಗೆ, ಆರೋಗ್ಯ ಗಟ್ಟಿಯಿದ್ದರೆ, ಇನ್ನೊಮ್ಮೆ ನೋಡಿಸಬಹುದು. ಇಲ್ಲಿ ಒಂದು ಸೂಕ್ಷ್ಮವಿದೆ: ಮೇಲಿನ ಭಾಗಕ್ಕಿಂತ ಒಂದೂವರೆ ಪಟ್ಟು ಹಿಗ್ಗಿದ್ದರೂ ಉಬ್ಬೆಂದು ಎಣಿಸುವ ಇನ್ನೊಂದು ಲೆಕ್ಕವಿದೆ. ಸಣ್ಣ ಮೈಕಟ್ಟಿನ ಗಂಡಸಿನ ನಾಳ ಮೇಲೆ 1.6 ಇದ್ದು ಕೆಳಗೆ 2.7 ಇದ್ದರೆ, 3 ಮುಟ್ಟಿಲ್ಲವೆಂದು ಸುಮ್ಮನಾಗದೆ ವೈದ್ಯರಿಗೆ ತೋರಿಸಬೇಕು.

3.0ರಿಂದ 5.4ರವರೆಗಿನದು ಕಾಯುವ ಮತ್ತು ಅಳೆಯುವ ಹಂತ. ಬ್ರಿಟನ್ನಿನ ಕ್ರಮದಲ್ಲಿ 4.4ರವರೆಗೆ ವರ್ಷಕ್ಕೊಮ್ಮೆ, 4.5ರಿಂದ 5.4ರವರೆಗೆ ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡುತ್ತಾರೆ. ಬೇರೆ ಕಡೆ ಸಣ್ಣ ಉಬ್ಬುಗಳಿಗೆ ಮೂರು ವರ್ಷದ ಅಂತರವನ್ನೂ ಒಪ್ಪುತ್ತಾರೆ. ಸಿಕ್ಕಿತಲ್ಲ, ಈಗಲೇ ಕೊಯ್ದುಬಿಡೋಣ ಎಂಬ ಆತುರ ಯಾರಿಗಾದರೂ ಬರುತ್ತದೆ, ಆದರೆ 5.5ಕ್ಕಿಂತ ಕಡಿಮೆ ಇರುವಾಗ ಶಸ್ತ್ರಚಿಕಿತ್ಸೆ ಮಾಡಿದವರು ಕಾದು ನೋಡಿದವರಿಗಿಂತ ಹೆಚ್ಚು ಕಾಲವೇನೂ ಬದುಕಲಿಲ್ಲ ಎಂದು ಬ್ರಿಟನ್ ಮತ್ತು ಅಮೆರಿಕದ ಎರಡು ದೊಡ್ಡ ಅಧ್ಯಯನಗಳು ತೋರಿಸಿವೆ. ಗಂಡಸರಲ್ಲಿ 5.5 ಮುಟ್ಟಿದರೆ, ವರ್ಷಕ್ಕೆ 1 ಸೆಂಟಿಮೀಟರಿಗಿಂತ ವೇಗವಾಗಿ ಬೆಳೆದರೆ, ಅಥವಾ ಅಲ್ಲಿ ನೋವು ಶುರುವಾದರೆ ರಕ್ತನಾಳ ಶಸ್ತ್ರತಜ್ಞರನ್ನು, ಅಂದರೆ ವ್ಯಾಸ್ಕ್ಯುಲರ್ ಸರ್ಜನ್‌ರನ್ನು, ತಡಮಾಡದೆ ಕಾಣಬೇಕು. ಅವರು ಸಿಟಿ ಆಂಜಿಯೋ, ಅಂದರೆ ರಕ್ತನಾಳಗಳನ್ನು ತೋರಿಸುವ ಸಿಟಿ ಸ್ಕ್ಯಾನ್, ಮಾಡಿಸುತ್ತಾರೆ. ಅದಕ್ಕೆ ಬಣ್ಣದ ಔಷಧಿ ಚುಚ್ಚುವುದರಿಂದ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಿಪೋರ್ಟು ಜೊತೆಗಿರಲಿ. ಹೊಟ್ಟೆ ತೆರೆದು ಡೇಕ್ರಾನ್ ಬಟ್ಟೆಯ ಕೊಳವೆ ಹೊಲಿಯುವುದು ಒಂದು ದಾರಿ, ತೊಡೆಸಂದಿನ ನಾಳದಿಂದ ಒಳಗೆ ಸ್ಟೆಂಟ್ ಕೊಳವೆ ಕೂರಿಸುವುದು ಇನ್ನೊಂದು. ಎರಡನೆಯದರಲ್ಲಿ ಬೇಗ ಎದ್ದು ಓಡಾಡಬಹುದು, ಆದರೆ ಜೀವನವಿಡೀ ಆಗಾಗ ಸ್ಕ್ಯಾನ್ ತಪ್ಪುವುದಿಲ್ಲ.

ಖರ್ಚಿನ ಬಗ್ಗೆ ಒಂದು ಮಾತು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಂತೆ 1.5 ಲಕ್ಷದವರೆಗೆ ನೆರವಿದೆ. ಆದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರವನ್ನು ಮೊದಲು ಮಾಡಿಸಿಕೊಂಡು, ಆಸ್ಪತ್ರೆಯಲ್ಲಿ ಯೋಜನೆಯ ಸಹಾಯಕ್ಕಿರುವ ಆರೋಗ್ಯಮಿತ್ರರ ಬಳಿ ಈ ಚಿಕಿತ್ಸೆ, ಈ ಸ್ಟೆಂಟ್ ಪಟ್ಟಿಯಲ್ಲಿದೆಯೇ ಎಂದು ವಿಚಾರಿಸಿಕೊಂಡೇ ಭರ್ತಿಯಾಗಬೇಕು. 3.4 ಇರುವಾಗಲೇ ಇದನ್ನೆಲ್ಲ ವಿಚಾರಿಸಿಟ್ಟುಕೊಳ್ಳಲು ಪುರುಸೊತ್ತಿರುತ್ತದೆ.

ಸಣ್ಣ ಉಬ್ಬು ಸಿಕ್ಕ ಮೇಲೆ ಮನೆಯಲ್ಲಿ

ಬೀಡಿ ಬಿಡುವುದಕ್ಕೆ ಸಮನಾದ ಮದ್ದು ಇಲ್ಲ. ಸೇದುತ್ತಲೇ ಇರುವವರಲ್ಲಿ ಉಬ್ಬು ಬೇಗ ಬೆಳೆಯುತ್ತದೆ, ಬೇಗ ಒಡೆಯುತ್ತದೆ. ಬಿಪಿ ಮಾತ್ರೆ ಒಂದು ದಿನವೂ ತಪ್ಪಬಾರದು. ಇಂಥವರಿಗೆ ಹೃದಯಾಘಾತದ ಅಪಾಯವೂ ಹೆಚ್ಚಿರುವುದರಿಂದ ವೈದ್ಯರು ಕೊಲೆಸ್ಟರಾಲ್ ಮಾತ್ರೆಯನ್ನೂ ಬರೆಯುತ್ತಾರೆ. ನಡೆಯಬಹುದು, ಹೊಲಕ್ಕೆ ಹೋಗಬಹುದು. ಉಸಿರು ಬಿಗಿಹಿಡಿದು ಮೂಟೆ ಎತ್ತುವ ಕೆಲಸವನ್ನು ಮಕ್ಕಳಿಗೆ ಬಿಡಬೇಕು.

ಹೆಚ್ಚಿನವರು ಹೇಳದ ಸಂಗತಿ ಇನ್ನೊಂದಿದೆ. ಉರಿಮೂತ್ರ, ಭೇದಿ ಎಂದು ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಸಿಪ್ರೊಫ್ಲಾಕ್ಸಾಸಿನ್, ಆಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್ ಮಾತ್ರೆಗಳನ್ನು ಕೊಟ್ಟುಬಿಡುವುದುಂಟು. ಮಹಾಪಧಮನಿಯ ಉಬ್ಬು ಇರುವವರಿಗೆ, ಬೇರೆ ದಾರಿಯೇ ಇಲ್ಲದ ಹೊರತು, ಈ ಗುಂಪಿನ ಔಷಧಿ ಕೊಡಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರ ಡಿಸೆಂಬರಿನಲ್ಲಿ ಎಚ್ಚರಿಸಿದೆ. ಪ್ರಾಸ್ಟೇಟ್ ತೊಂದರೆಯ ಹಿರಿಯರಿಗೆ ಮೂತ್ರದ ಸೋಂಕು ಮತ್ತೆ ಮತ್ತೆ ಬರುವುದರಿಂದ ಈ ಮಾತು ಅವರಿಗೇ ಹೆಚ್ಚು ತಗಲುತ್ತದೆ. ದೊಡ್ಡಪ್ಪನ ಮಾತ್ರೆ ಡಬ್ಬಿಯ ಮುಚ್ಚಳದ ಮೇಲೆ ನಾನು ಆ ಮೂರು ಹೆಸರುಗಳನ್ನು ಬರೆದು ಅಂಟಿಸಿದ್ದೇನೆ. ಉಬ್ಬು ಸಿಕ್ಕವರ ತಮ್ಮಂದಿರಿಗೂ ಗಂಡುಮಕ್ಕಳಿಗೂ ವಿಷಯ ತಿಳಿಸಬೇಕು. ನಮ್ಮಲ್ಲಿ ಮುಂದಿನ ವಾರವೇ ನನ್ನ ತಂದೆಯವರ ಸರದಿ ಬಂತು.

ಕೊನೆಯದಾಗಿ, ಒಡೆಯುವ ಸೂಚನೆ. ಹೊಟ್ಟೆಯಲ್ಲಿ, ಬೆನ್ನಲ್ಲಿ ಅಥವಾ ಎಡ ಪಕ್ಕೆಯಲ್ಲಿ ಹಿಂದೆಂದೂ ಕಾಣದಂಥ ನೋವು ಇದ್ದಕ್ಕಿದ್ದಂತೆ ಬಂದು, ಕಣ್ಣು ಕತ್ತಲಿಟ್ಟು, ತಣ್ಣನೆ ಬೆವರು ಬಂದರೆ ಅದನ್ನು ಮೂತ್ರಪಿಂಡದ ಕಲ್ಲೆಂದು ಭಾವಿಸಿ ನೋವಿನ ಇಂಜೆಕ್ಷನ್ ಹಾಕಿಸಿ ಮಲಗಿಸುವ ತಪ್ಪು ದೊಡ್ಡ ಊರುಗಳಲ್ಲೂ ಆಗುತ್ತದೆ. ಅರವತ್ತು ದಾಟಿದ ಗಂಡಸಿಗೆ ಜೀವನದಲ್ಲಿ ಮೊದಲ ಸಲ ‘ಕಲ್ಲಿನ ನೋವು’ ಬಂದಿದೆ ಎಂದರೆ ಮಹಾಪಧಮನಿಯನ್ನೂ ನೋಡಿ ಎಂದು ಕೇಳುವ ಹಕ್ಕು ಮನೆಯವರಿಗಿದೆ. 108ಕ್ಕೆ ಕರೆ ಮಾಡಿ, ರೋಗಿಯನ್ನು ನಡೆಸದೆ ಮಲಗಿಸಿಯೇ ಸಾಗಿಸಿ, ತುರ್ತು ವಿಭಾಗದ ಬಾಗಿಲಲ್ಲಿ ಮೊದಲ ಮಾತಾಗಿ “ಹೊಟ್ಟೆಯಲ್ಲಿ ಅಯೋರ್ಟಾ ಅನ್ಯೂರಿಸಂ ಇದೆ, ಕೊನೆಯ ಅಳತೆ ಇಷ್ಟು” ಎಂದು ಹೇಳಬೇಕು. ಆ ಅಳತೆ, ತಾರೀಖು, ರಕ್ತದ ಗುಂಪು ಮೂರನ್ನೂ ಬರೆದ ಚೀಟಿ ದೊಡ್ಡಪ್ಪನ ಅಂಗಿಯ ಜೇಬಿನಲ್ಲಿ, ಹಿಂದೆ ಬೀಡಿ ಕಟ್ಟು ಇರುತ್ತಿದ್ದ ಕಡೆ, ಈಗ ಇರುತ್ತದೆ.